ದೀಪ ಹಿಡಿದ ಹೆಂಗಸು ರವಿವರ್ಮನದ್ದಲ್ಲವಾ? ಚಿತ್ರ ನೋಡುವುದನ್ನು ಎಲ್ಲಿಂದ ಶುರು ಮಾಡಬೇಕು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬ್ಯಾಂಕ್ ಉದ್ಯೋಗಿ. ಮಗಳು ಚಿತ್ರಕಲೆಯ ಪದವಿಗೆ ಸೇರಿದ್ದಾಳೆ. ಮನೆಗೆ ಬಂದಾಗಲೆಲ್ಲ ಟೋನ್, ಕಾಂಪೊಸಿಷನ್, ನೆಗೆಟಿವ್ ಸ್ಪೇಸ್ ಅಂತ ಮಾತಾಡುತ್ತಾಳೆ. ನನಗೆ ತಲೆಬುಡ ತಿಳಿಯುವುದಿಲ್ಲ. ರಜೆಯಲ್ಲಿ ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಿದ್ದೆವು. ದೀಪ ಹಿಡಿದ ಹೆಂಗಸಿನ ಚಿತ್ರದ ಮುಂದೆ ನಿಂತು "ರವಿವರ್ಮ ಅಂದ್ರೆ ರವಿವರ್ಮನೇ" ಅಂದೆ. ಮಗಳು ನಕ್ಕು, "ಅಮ್ಮಾ, ಇದು ರವಿವರ್ಮನದ್ದಲ್ಲ. ಆಯಿಲ್ ಪೇಂಟಿಂಗೂ ಅಲ್ಲ, ವಾಟರ್ ಕಲರ್" ಅಂದಳು. ವಾಟರ್ ಕಲರ್ ಮಕ್ಕಳು ಬಳಸುವ ಬಣ್ಣ ಅಲ್ವಾ? ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೂ ಹೋದೆವು. ಮನೆಗೆ ಒಂದು ಚಿತ್ರ ಕೊಳ್ಳುವ ಆಸೆ ಇತ್ತು. ಚಿನ್ನ ಹಚ್ಚಿದ ಮೈಸೂರು ಶೈಲಿಯ ಗಣಪತಿಗೆ 18,000 ರೂಪಾಯಿ ಹೇಳಿದರು. ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿ "ಕೈಯಿಂದ ಟಚ್ ಕೊಟ್ಟಿದ್ದೇವೆ" ಅಂದ ಒಂದು ದೃಶ್ಯಕ್ಕೆ 4,000. ಪೆನ್ಸಿಲಿನಲ್ಲಿ 7/25 ಅಂತ ಬರೆದಿದ್ದ ಕಪ್ಪು-ಬಿಳುಪಿನ ಎಚಿಂಗ್‌ಗೆ 6,000. ಯಾವುದು ಅಸಲಿ ಅಂತ ಗೊತ್ತಾಗದೆ ಬರಿಗೈಲಿ ಬಂದೆವು. ಯಾವ ವಸ್ತುವಿನ ಗುರುತೂ ಸಿಗದ ಅಬ್‌ಸ್ಟ್ರಾಕ್ಟ್ ಚಿತ್ರಗಳ ಮುಂದೆ ನಿಂತರಂತೂ ಯಾರೋ ನನ್ನನ್ನು ಏಮಾರಿಸುತ್ತಿದ್ದಾರೆ ಅನಿಸುತ್ತದೆ. ನನ್ನಂಥವರು ಎಲ್ಲಿಂದ ಶುರು ಮಾಡಬೇಕು? ಪುಸ್ತಕ ಓದಲೇಬೇಕಾ?

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆದರೆ ಪೆಚ್ಚಾಗಬೇಡಿ. ಆ ಚಿತ್ರದ ವಿಷಯದಲ್ಲಿ ಅರ್ಧ ಕರ್ನಾಟಕ ನಿಮ್ಮ ಕಡೆಗೇ ಇದೆ.

ಅದನ್ನು ಬರೆದವರು ಎಸ್. ಎಲ್. ಹಲ್ದಂಕರ್. ಸಾವಂತವಾಡಿಯವರು, 1882ರಲ್ಲಿ ಹುಟ್ಟಿ ಮುಂಬೈಯಲ್ಲಿ ಚಿತ್ರಕಲೆ ಕಲಿತು ಅಲ್ಲೇ ಕಲಿಸುತ್ತಿದ್ದವರು. ಈ ಚಿತ್ರ 1945–46ರದ್ದು. ದೀಪ ಹಿಡಿದು ನಿಂತವರು ಅವರ ಮಗಳೇ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಅಂದರೆ ನಡುವೆ ಸುಮಾರು ನಲವತ್ತು ವರ್ಷ ಇದೆ. ಬರೀ ಇಸವಿ ನೋಡಿದ್ದರೂ ಅನುಮಾನ ಬರುತ್ತಿತ್ತು. ಆದರೆ ನಾವು ಯಾರೂ ಇಸವಿ ನೋಡುವುದಿಲ್ಲ. ಸೀರೆ ಉಟ್ಟ ಹೆಂಗಸು, ಜೀವ ಇದೆ ಅನ್ನಿಸುವ ಮುಖ, ಮೈಸೂರಿನ ಅರಮನೆ, ಇಷ್ಟು ಸೇರಿದರೆ ಬಾಯಿಗೆ ರವಿವರ್ಮ ಅಂತಲೇ ಬರುತ್ತದೆ. ಅದಕ್ಕೆ ಕಾರಣವೂ ಇದೆ. ಅವರ ಚಿತ್ರಗಳ ಅಚ್ಚು ಪ್ರತಿಗಳು ನಮ್ಮ ಅಜ್ಜಿಯರ ದೇವರ ಮನೆಯವರೆಗೂ ಬಂದವು. ಹಲ್ದಂಕರ್ ಹೆಸರು ಹಾಗೆ ಮನೆಮನೆಗೆ ಬರಲಿಲ್ಲ.

ಸರಿ, ಹೆಸರು ಗೊತ್ತಾಯಿತು. ಚಿತ್ರ ಅರ್ಥ ಆಯಿತಾ? ಇಲ್ಲ ಅಲ್ವಾ. ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ತುಂಬಾ ಇವೆ, ಆದರೆ ಬೇರು ಇಲ್ಲೇ ಇದೆ. ಚಿತ್ರ ಕಂಡ ತಕ್ಷಣ ನಾವು ಕೇಳುವುದು ಮೂರೇ ಮಾತು. ಯಾರದ್ದು, ಏನು ಅರ್ಥ, ಎಷ್ಟು ಬೆಲೆ. ನಾನು ಹಳೆಯ ಚಿತ್ರಗಳ ದುರಸ್ತಿ ಮಾಡುವವನು. ನಮ್ಮ ಮೇಜಿನ ಮೇಲೆ ಚಿತ್ರ ಬಂದಾಗ ಈ ಮೂರನ್ನೂ ಆಮೇಲಿಗೆ ಇಡುತ್ತೇವೆ. ಯಾವುದರ ಮೇಲೆ ಬರೆದಿದ್ದಾರೆ? ಬಣ್ಣ ಹಿಡಿದುಕೊಂಡಿರುವುದು ಯಾವ ಅಂಟಿನಿಂದ? ಯಾವ ಪದರ ಮೊದಲು, ಯಾವುದು ಆಮೇಲೆ? ಹೀಗೆ ಶುರು ಮಾಡಿದರೆ ನಿಮ್ಮ ಮಗಳು ಹೇಳುವ ಪದಗಳೆಲ್ಲ ಒಂದೊಂದಾಗಿ ತಾವೇ ಬಂದು ಕೂರುತ್ತವೆ. ಆ ಪದಗಳನ್ನು ಬಾಯಿಪಾಠ ಮಾಡಿ ಆಮೇಲೆ ಚಿತ್ರ ನೋಡಲು ಹೋದರೆ ಮಾತ್ರ ತಲೆ ಕೆಡುತ್ತದೆ.

ಬಣ್ಣ ಅಂದರೆ ಎರಡು ವಸ್ತು. ಒಂದು ಬಣ್ಣದ ಪುಡಿ, ಇನ್ನೊಂದು ಅಂಟು. ಅದೇ ನೀಲಿ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ತೈಲವರ್ಣ. ಒಂದು ಜಾತಿಯ ಜಾಲಿ ಮರದ ಗೋಂದಿನಲ್ಲಿ ಕಲಸಿದರೆ ಜಲವರ್ಣ. ಮೊಟ್ಟೆಯ ಹಳದಿಯಲ್ಲಿ ಕಲಸಿದರೆ ಟೆಂಪೆರಾ. ಪ್ಲಾಸ್ಟಿಕ್ ಜಾತಿಯ ಅಂಟು ಸೇರಿಸಿದರೆ ಅಕ್ರಿಲಿಕ್. ಪುಡಿ ಒಂದೇ, ಅಂಟು ಬೇರೆ. ಆದರೆ ಅಂಟು ಬದಲಾದರೆ ಕೈ ಆಡುವ ರೀತಿ ಬದಲಾಗುತ್ತದೆ. ಕೈ ಬದಲಾದರೆ ಕಣ್ಣಿಗೆ ಬೀಳುವುದೂ ಬದಲಾಗುತ್ತದೆ.

ಎಣ್ಣೆಬಣ್ಣ ನೀರಿನ ಹಾಗೆ ಆರಿ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ನಿಧಾನಕ್ಕೆ ಗಟ್ಟಿಯಾಗುತ್ತದೆ. ಅಡುಗೆಮನೆಯ ಎಣ್ಣೆ ಡಬ್ಬಿಯ ಹೊರಗೆ ಅಂಟಂಟು ಜಿಡ್ಡು ಕಟ್ಟಿ ಆಮೇಲೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲವಲ್ಲ, ಅಲ್ಲಿ ನಡೆಯುವುದೂ ಇದೇ. ಮುಟ್ಟಿದರೆ ಕೈಗೆ ಹತ್ತದಷ್ಟು ಒಣಗಲು ಕೆಲವು ದಿನಗಳಿಂದ ವಾರಗಳು ಬೇಕು. ಒಳಗಿನವರೆಗೂ ಗಟ್ಟಿಯಾಗಲು ತಿಂಗಳುಗಟ್ಟಲೆ. ಹಾಗಾಗಿ ಕಲಾವಿದನಿಗೆ ಬೇಕಾದಷ್ಟು ಸಮಯ ಸಿಗುತ್ತದೆ. ಕೆನ್ನೆಯ ಬೆಳಕನ್ನು ನೆರಳಿನೊಳಗೆ ನಿಧಾನಕ್ಕೆ ಕರಗಿಸಬಹುದು. ಮೂಗು ಸರಿ ಬರಲಿಲ್ಲ ಅಂದರೆ ಕೆರೆದು ಮತ್ತೆ ಬರೆಯಬಹುದು. ಎಕ್ಸ್‌ರೇ ತೆಗೆದಾಗ ಕೆಲವು ಹಳೆಯ ಚಿತ್ರಗಳಲ್ಲಿ ಕೆಳಗೆ ಇನ್ನೊಂದು ಕೈ, ಇನ್ನೊಂದು ತಲೆ ಕಾಣುವುದು ಇದರಿಂದಲೇ.

ಜಲವರ್ಣದಲ್ಲಿ ಆ ಸೌಕರ್ಯ ಇಲ್ಲ. ಅಲ್ಲಿ ಬಣ್ಣ ಪಾರದರ್ಶಕ. ಬೆಳಕು ಬಣ್ಣದೊಳಗೆ ಹಾದು ಕೆಳಗಿನ ಬಿಳಿ ಕಾಗದಕ್ಕೆ ತಾಗಿ ವಾಪಸ್ ಬರುತ್ತದೆ. ಆದ್ದರಿಂದಲೇ ಒಳ್ಳೆಯ ಜಲವರ್ಣ ಒಳಗಿಂದ ಬೆಳಗಿದ ಹಾಗೆ ಕಾಣುವುದು. ಹಳೆಯ ಪದ್ಧತಿಯಲ್ಲಿ ಬಿಳಿ ಬಣ್ಣ ಅಂತಲೇ ಬಳಸುವುದಿಲ್ಲ. ಎಲ್ಲಿ ಬೆಳಕು ಬೇಕೋ ಅಲ್ಲಿ ಕಾಗದ ಖಾಲಿ ಬಿಡಬೇಕು. ಅಂದರೆ ಅತಿ ಹೆಚ್ಚು ಬೆಳಕಿನ ಜಾಗ ಯಾವುದು ಅಂತ ಮೊದಲೇ ತೀರ್ಮಾನ ಆಗಿರಬೇಕು. ಆಮೇಲೆ ತಿಳಿ ಬಣ್ಣ, ಅದು ಒಣಗಿದ ಮೇಲೆ ಇನ್ನೊಂದು ಪದರ, ಹೀಗೆ ಕತ್ತಲಿನ ಕಡೆಗೆ ಹೋಗಬೇಕು. ಒಂದು ಸಲ ಕಪ್ಪಾಯಿತೆಂದರೆ ಬೆಳ್ಳಗೆ ಮಾಡುವುದು ಬಹಳ ಕಷ್ಟ. ಉಜ್ಜಿದರೆ ಕಾಗದದ ಮೇಲ್ಮೈ ನಾರಾಗಿ ಏಳುತ್ತದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹಲ್ದಂಕರ್ ಚಿತ್ರವನ್ನು ಇನ್ನೊಮ್ಮೆ ನೆನೆಸಿಕೊಳ್ಳಿ. ಸುತ್ತ ಅಷ್ಟೊಂದು ಕತ್ತಲು, ನಡುವೆ ಅಷ್ಟು ಬೆಳಕು, ಮತ್ತು ದೀಪಕ್ಕೆ ಮರೆ ಮಾಡಿದ ಬೆರಳುಗಳ ನಡುವೆ ಕೆಂಪಗೆ ಹೊಳೆಯುವ ಮಾಂಸ. ಇದನ್ನು ಕೆರೆದು ತಿದ್ದಲಾಗದ ಬಣ್ಣದಲ್ಲಿ ಬರೆದಿದ್ದಾರೆ.

ಮಕ್ಕಳಿಗೆ ವಾಟರ್ ಕಲರ್ ಕೊಡುವುದು ಅದು ಸುಲಭ ಅಂತ ಅಲ್ಲ. ಅಗ್ಗ, ವಾಸನೆ ಇಲ್ಲ, ಯೂನಿಫಾರ್ಮ್ ಒಗೆದರೆ ಹೋಗುತ್ತದೆ, ಅಷ್ಟೇ. ಬಣ್ಣದ ಮಾಧ್ಯಮಗಳಲ್ಲಿ ಹಿಡಿತಕ್ಕೆ ಸಿಗುವುದು ಜಾಸ್ತಿ ಕಷ್ಟ ಇದೇ ಅಂತ ಹೇಳುವ ಕಲಾವಿದರು ಬೇಕಾದಷ್ಟು ಮಂದಿ ಇದ್ದಾರೆ. ಕರ್ನಾಟಕದವರೇ ಆದ ಕೆ. ವೆಂಕಟಪ್ಪ ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟಾಗೋರರ ಹತ್ತಿರ ಕಲಿತು ಬಂದು ಊಟಿ, ಕೊಡೈಕೆನಾಲಿನ ಬೆಟ್ಟಗಳನ್ನು ಜಲವರ್ಣದಲ್ಲೇ ಬರೆದರು. ಅವುಗಳನ್ನು ನೋಡುವ ಅವಕಾಶ ಸಿಕ್ಕಾಗ ಮಂಜಿನ ಜಾಗವನ್ನೇ ನೋಡಿ. ಅಲ್ಲಿ ಎಷ್ಟು ಕಡಿಮೆ ಬಣ್ಣ ಇದೆ ಅಂತ ನಿಮಗೇ ಕಾಣುತ್ತದೆ.

ಈಗ ಟೋನ್. ಬಣ್ಣದ ಹೆಸರು ಮರೆತು ಅದು ಎಷ್ಟು ಕಪ್ಪು, ಎಷ್ಟು ಬಿಳುಪು ಅಂತ ಮಾತ್ರ ನೋಡುವುದೇ ಟೋನ್. ಕಣ್ಣನ್ನು ಅರ್ಧ ಮುಚ್ಚಿ ಚಿತ್ರ ನೋಡಿ. ವಿವರಗಳು ಮಾಯವಾಗಿ ದೊಡ್ಡ ದೊಡ್ಡ ಕತ್ತಲು-ಬೆಳಕಿನ ತುಂಡುಗಳು ಉಳಿಯುತ್ತವೆ. ಇನ್ನೂ ಸುಲಭದ ದಾರಿ ಬೇಕಾದರೆ ಮನೆಯ ಕ್ಯಾಲೆಂಡರಿನಲ್ಲಿರುವ ಯಾವುದೋ ಚಿತ್ರದ ಫೋಟೋ ತೆಗೆದು ಮೊಬೈಲಿನಲ್ಲಿ ಬ್ಲ್ಯಾಕ್ ಆಂಡ್ ವೈಟ್ ಮಾಡಿ. ಚೆನ್ನಾಗಿ ಕಟ್ಟಿದ ಚಿತ್ರ ಬಣ್ಣ ಕಳೆದುಕೊಂಡರೂ ನಿಲ್ಲುತ್ತದೆ. ಬರೀ ಗಾಢ ಬಣ್ಣದ ಮೇಲೆ ನಿಂತ ಚಿತ್ರ ಒಂದೇ ಬೂದು ಮುದ್ದೆಯಾಗುತ್ತದೆ. ದೀಪದ ಚಿತ್ರವನ್ನು ಹೀಗೆ ಮಾಡಿದರೆ ಬೆಳಕು ಜ್ವಾಲೆಯ ಹತ್ತಿರ ಹೆಚ್ಚು, ದೂರ ಹೋದ ಹಾಗೆ ಕಡಿಮೆ. ನಿಮ್ಮ ಕಣ್ಣು ಮೊದಲು ಅಲ್ಲಿಗೇ ಹೋಗಿ ಆಮೇಲೆ ಮುಖಕ್ಕೆ ಏರುತ್ತದೆ. ಕಣ್ಣನ್ನು ಹೀಗೆ ದಾರಿ ಹಿಡಿಸುವ ಏರ್ಪಾಡಿಗೆ ಕಾಂಪೊಸಿಷನ್ ಅನ್ನುತ್ತಾರೆ. ಆಕೆಯ ಸುತ್ತ ಇರುವ ಕತ್ತಲು, ಅಲ್ಲಿ ಏನೂ ಇಲ್ಲ ಅಂತ ನಾವು ಬಿಟ್ಟುಬಿಡುವ ಜಾಗ, ಅದೇ ನಿಮ್ಮ ಮಗಳ ನೆಗೆಟಿವ್ ಸ್ಪೇಸ್. ಅದನ್ನು ಕತ್ತರಿಸಿ ತೆಗೆದು ಚೌಕಟ್ಟನ್ನು ಮೈಗೆ ಒತ್ತಿ ಕೂರಿಸಿದರೆ ದೀಪದ ಬೆಳಕು ಸಪ್ಪೆಯಾಗುತ್ತದೆ. ಆ ಚಿತ್ರದ ಪೋಸ್ಟ್‌ಕಾರ್ಡಿನ ಮೇಲೆ ನಾಲ್ಕು ಬಿಳಿ ಕಾಗದದ ಪಟ್ಟಿ ಇಟ್ಟು ಒಳಗೆ ಸರಿಸಿ ನೋಡಿ. ಒಂದೇ ನಿಮಿಷದ ಕೆಲಸ.

ಬಣ್ಣದ ವಿಷಯಕ್ಕೆ ಬಂದರೆ, ಒಂದು ಬಣ್ಣದಲ್ಲಿ ಮೂರು ಸಂಗತಿ ಬೇರೆ ಬೇರೆಯಾಗಿ ಇರುತ್ತವೆ. ದಾಸವಾಳವೂ ಕೆಂಪು, ಮಂಗಳೂರು ಹೆಂಚೂ ಕೆಂಪು. ಜಾತಿ ಹತ್ತಿರದ್ದೇ, ಆದರೆ ಹೆಂಚಿನಲ್ಲಿ ಕೆಂಪಿನ ತೀಕ್ಷ್ಣತೆ ಕಡಿಮೆ. ಅದೇ ಹೆಂಚು ಮಳೆಯಲ್ಲಿ ನೆನೆದರೆ ಟೋನ್ ಇಳಿದು ಕಪ್ಪಗಾಗುತ್ತದೆ. ಜಾತಿ, ಟೋನ್, ತೀಕ್ಷ್ಣತೆ. ಜೊತೆಗೆ ಪಕ್ಕದ ಬಣ್ಣದ ಪ್ರಭಾವ. ಪ್ಯಾರಿಸಿನ ಗೊಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಕಪ್ಪು ನೂಲು ಮಂಕಾಗಿ ಕಾಣುತ್ತಿದೆ ಅಂತ ದೂರು ಬಂದಾಗ ಅಲ್ಲಿನ ರಸಾಯನ ವಿಜ್ಞಾನಿ ಶೆವ್ರಲ್ ಪರೀಕ್ಷೆ ಮಾಡಿದ. ನೂಲಿಗೆ ಹಾಕಿದ ಬಣ್ಣದಲ್ಲಿ ದೋಷ ಇರಲಿಲ್ಲ. ಪಕ್ಕದಲ್ಲಿ ನೇಯ್ದ ಬಣ್ಣ ಕಣ್ಣನ್ನು ಹಾಗೆ ಆಡಿಸುತ್ತಿತ್ತು. 1839ರಲ್ಲಿ ಅವನು ಇದನ್ನು ಬರೆದು ಪ್ರಕಟಿಸಿದ ಮೇಲೆ ಯುರೋಪಿನ ಚಿತ್ರಗಾರರು ಪಕ್ಕಪಕ್ಕದ ಬಣ್ಣಗಳನ್ನು ಯೋಚಿಸಿ ಇಡತೊಡಗಿದರು. ಇಷ್ಟು ಗೊತ್ತಿದ್ದರೆ "ಈ ಬೂದು ಬಣ್ಣ ಇಲ್ಲಿ ಯಾಕೆ ನೇರಳೆಯ ಹಾಗೆ ಕಾಣುತ್ತಿದೆ" ಅಂತ ನೀವೇ ಕೇಳಿಕೊಳ್ಳುತ್ತೀರಿ. ಮಗಳ ಜೊತೆ ಮಾತಿಗೆ ಇಷ್ಟು ಸಾಕು.

ಇನ್ನು ಪರ್ಸ್‌ಪೆಕ್ಟಿವ್. ನಮ್ಮ ಹಳೆಯ ಚಿತ್ರಗಾರರಿಗೆ ಅದು ಬರುತ್ತಿರಲಿಲ್ಲ ಅನ್ನುವ ಮಾತು ನೀವೂ ಕೇಳಿರಬಹುದು. ಹಳಿಗಳು ದೂರದಲ್ಲಿ ಒಂದೇ ಬಿಂದುವಿನಲ್ಲಿ ಸೇರುವ ಹಾಗೆ ಬರೆಯುವ ಪದ್ಧತಿ ಇಟಲಿಯಲ್ಲಿ 15ನೇ ಶತಮಾನದಲ್ಲಿ ರೂಪುಗೊಂಡಿತು. ಅದಕ್ಕೆ ಒಂದು ಷರತ್ತಿದೆ. ನೋಡುವವನು ಒಂದೇ ಜಾಗದಲ್ಲಿ, ಒಂದೇ ಕಣ್ಣಿನಿಂದ ನೋಡುತ್ತಿದ್ದಾನೆ ಅಂತ ಒಪ್ಪಿಕೊಳ್ಳಬೇಕು. ಹಂಪಿಯ ವಿರೂಪಾಕ್ಷ ದೇವಸ್ಥಾನದ ರಂಗಮಂಟಪದ ಛಾವಣಿ ನೋಡಿ. ವಿದ್ಯಾರಣ್ಯರು ಪಲ್ಲಕ್ಕಿಯಲ್ಲಿ ಹೋಗುವ ಮೆರವಣಿಗೆ ಅಲ್ಲಿದೆ. ಜನ ಪಕ್ಕದಿಂದ ಕಾಣುತ್ತಾರೆ, ಒಂದರ ಹಿಂದೆ ಒಂದರಂತೆ ಸಾಲಾಗಿ ನಡೆಯುತ್ತಾರೆ. ಅದು ತಲೆ ಎತ್ತಿ ನಡೆಯುತ್ತಾ ಓದುವ ಚಿತ್ರ. ಒಂದೇ ಜಾಗದಲ್ಲಿ ನಿಂತವನಿಗಾಗಿ ಬರೆದದ್ದಲ್ಲ. ಅಲ್ಲಿ ಇಟಲಿಯ ನಿಯಮ ಹುಡುಕುವುದು ಸುಮ್ನೆ ವ್ಯರ್ಥ. ಮಾತು ಬಂತು ಅಂತ ಹೇಳುತ್ತೇನೆ, ಗೋಡೆಯ ಮೇಲಿರುವುದನ್ನೆಲ್ಲ ಫ್ರೆಸ್ಕೊ ಅನ್ನುವುದೂ ತಪ್ಪು. ಹಸಿ ಸುಣ್ಣದ ಗಾರೆಯ ಮೇಲೆ ಬರೆದರೆ ಮಾತ್ರ ಫ್ರೆಸ್ಕೊ. ಗಾರೆ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಕಲ್ಲಾಗುವಾಗ ಬಣ್ಣದ ಪುಡಿಯೂ ಅದರಲ್ಲೇ ಸೆರೆಯಾಗುತ್ತದೆ. ಅಜಂತಾದಲ್ಲಿ ಒಣ ಗೋಡೆಯ ಮೇಲೆ ಅಂಟು ಬೆರೆಸಿದ ಬಣ್ಣ ಹಚ್ಚಿದ್ದಾರೆ. ಹಾಗಾಗಿ ಅದು ಬೇರೆ.

ಅಬ್‌ಸ್ಟ್ರಾಕ್ಟ್ ಬಗ್ಗೆ ನಿಮಗಿರುವ ಅನುಮಾನ ಪೂರ್ತಿ ತಪ್ಪಲ್ಲ. ಸುಮ್ನೆ ಬಣ್ಣ ಸುರಿದು ಓರೆ ಮಾಡಿ, ಒಣಗಿದ ಮೇಲೆ ದೊಡ್ಡ ಹೆಸರಿಟ್ಟು ಮಾರುವವರು ಇದ್ದಾರೆ. ಹಾಗಂತ ಎಲ್ಲವೂ ಅದೇ ಅಲ್ಲ. "ಇದೇನು" ಅಂತ ಕೇಳಿದರೆ ಅಬ್‌ಸ್ಟ್ರಾಕ್ಟ್ ಚಿತ್ರ ಉತ್ತರ ಕೊಡುವುದಿಲ್ಲ. "ಇದನ್ನು ಹೇಗೆ ಮಾಡಿದ್ದಾರೆ" ಅಂತ ಕೇಳಿದರೆ ಕೊಡುತ್ತದೆ. ಅಬ್‌ಸ್ಟ್ರಾಕ್ಟ್ ಚಿತ್ರಕಲಾವಿದ ವಿ. ಎಸ್. ಗಾಯತೊಂಡೆ ಅವರ ಚಿತ್ರಗಳು ಒಳ್ಳೆಯ ಉದಾಹರಣೆ. ಅವರು ರೋಲರ್ ಮತ್ತು ಬಣ್ಣ ಕಲಸುವ ಚಪ್ಪಟೆ ಪ್ಯಾಲೆಟ್ ಚಾಕುವಿನಿಂದ ಎಣ್ಣೆಬಣ್ಣವನ್ನು ತೆಳು ಪದರಗಳಲ್ಲಿ ಹಚ್ಚುತ್ತಿದ್ದರು, ಕೆಲವು ಕಡೆ ತೆಗೆಯುತ್ತಿದ್ದರು. ಹತ್ತಿರ ಹೋದರೆ ಒಂದು ಪದರದ ಕೆಳಗೆ ಇನ್ನೊಂದು ಇಣುಕುತ್ತದೆ. ಅಂಥದ್ದನ್ನು ಮಾಡಲು ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರಬೇಕು. ಬೆಂಗಳೂರಿಗೆ ಬಂದಾಗ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ನಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೆ ಹೋಗಿ. ಯಾವುದೋ ಒಂದು ಅಬ್‌ಸ್ಟ್ರಾಕ್ಟ್ ಚಿತ್ರವನ್ನು ಹತ್ತು ಅಡಿ ದೂರದಿಂದ ನೋಡಿ, ಆಮೇಲೆ ಒಂದೂವರೆ ಅಡಿಗೆ ಬನ್ನಿ. ಹತ್ತಿರ ಬಂದಾಗ ಹೊಸದೇನಾದರೂ ಸಿಕ್ಕಿತಾ? ನಾಲ್ಕು ಮೂಲೆಗಳನ್ನು ನೋಡಿ. ನನ್ನ ಅನುಭವದಲ್ಲಿ ಸೋಮಾರಿತನ ಸಿಕ್ಕಿಬೀಳುವುದು ಮೂಲೆಯಲ್ಲೇ. ನಡುವೆ ಭಾರೀ ಅಬ್ಬರ ಮಾಡಿ ಅಂಚಿಗೆ ಬರುವ ಹೊತ್ತಿಗೆ ಕೈ ಬಿಟ್ಟಿರುತ್ತಾರೆ. ಇಷ್ಟೆಲ್ಲ ನೋಡಿಯೂ ಇಷ್ಟ ಆಗಲಿಲ್ಲವಾ? ಮುಂದೆ ಹೋಗಿ. ಇಷ್ಟ ಆಗದಿರುವುದಕ್ಕೆ ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ.

ಈಗ ನಿಮ್ಮ ಮೂರು ಚಿತ್ರಗಳು. "ಯಾವುದು ಅಸಲಿ" ಅಂತ ಕೇಳಿದ್ದೀರಿ. ಪ್ರಿಂಟ್ ಅಂದ ತಕ್ಷಣ ನಕಲು ಅಂತ ಅಂದುಕೊಂಡಿದ್ದೀರಿ ಅನಿಸುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ಒಂದೇ ಪದದ ಕೆಳಗೆ ಎರಡು ಬೇರೆ ಕಸುಬುಗಳು ಅಡಗಿವೆ.

ಎಚಿಂಗ್ ಮಾಡುವವರು ತಾಮ್ರದ ಅಥವಾ ಸತುವಿನ ತಗಡಿಗೆ ಮೇಣದಂಥ ಲೇಪ ಹಚ್ಚುತ್ತಾರೆ. ಅದರ ಮೇಲೆ ಸೂಜಿಯಿಂದ ಚಿತ್ರ ಬರೆಯುತ್ತಾರೆ. ಸೂಜಿ ಹೋದ ಕಡೆ ಲೇಪ ಹೋಗಿ ಲೋಹ ಕಾಣುತ್ತದೆ. ತಗಡನ್ನು ಆಮ್ಲದಲ್ಲಿ ಇಟ್ಟರೆ ಅಷ್ಟು ಜಾಗವನ್ನು ಮಾತ್ರ ಆಮ್ಲ ತಿನ್ನುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗೆರೆ ಆಳ, ಅಂದರೆ ಕಪ್ಪು. ಬೇಗ ತೆಗೆದರೆ ತೆಳುಗೆರೆ. ಆಮೇಲೆ ಲೇಪ ಒರೆಸಿ, ಗೆರೆಗಳೊಳಗೆ ಮಸಿ ತುಂಬಿ, ಮೇಲಿನ ಮಸಿ ಬಟ್ಟೆಯಿಂದ ಒರೆಸಿ, ಒದ್ದೆ ಕಾಗದ ಇಟ್ಟು ಪ್ರೆಸ್ಸಿನ ರೋಲರ್ ಕೆಳಗೆ ಹಾಯಿಸುತ್ತಾರೆ. ಕಾಗದ ಗೆರೆಯೊಳಗೆ ಇಳಿದು ಮಸಿ ಎತ್ತಿಕೊಳ್ಳುತ್ತದೆ. ಪ್ರತಿಯೊಂದು ಪ್ರತಿಗೂ ಮಸಿ ತುಂಬುವುದು, ಒರೆಸುವುದು ಮತ್ತೆ ಮೊದಲಿಂದ. ಇದಕ್ಕೆ ಹಿಂದೆ ಬೇರೆ "ಮೂಲ ಚಿತ್ರ" ಅಂತ ಇಲ್ಲ. ಕಾಗದದ ಮೇಲೆ ಬಂದದ್ದೇ ಮೂಲ. 7/25 ಅಂದರೆ ಒಟ್ಟು ಇಪ್ಪತ್ತೈದು ಪ್ರತಿಗಳಲ್ಲಿ ಇದು ಏಳನೆಯದು. ಸಂಖ್ಯೆ ಚಿಕ್ಕದಾದರೆ ಒಳ್ಳೆಯದು ಅನ್ನುವ ನಂಬಿಕೆಗೆ ಎಚಿಂಗ್‌ನಲ್ಲಿ ಹೆಚ್ಚು ಆಧಾರ ಇಲ್ಲ. ಇಪ್ಪತ್ತೈದು ಪ್ರತಿಗೆ ಗೆರೆ ಅಷ್ಟೇನೂ ಸವೆಯುವುದಿಲ್ಲ.

ಇದನ್ನು ಗುರುತಿಸುವುದು ಹೇಗೆ? ಚಿತ್ರವನ್ನು ಓರೆಯಾಗಿ ಹಿಡಿದು ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ನೋಡಿ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಹಳ್ಳ ಕಾಣಬೇಕು. ಗೆರೆಗಳು ಕಾಗದದಿಂದ ಕೂದಲೆಳೆಯಷ್ಟು ಮೇಲೆ ನಿಂತಿರುತ್ತವೆ. ಪೆನ್ಸಿಲ್ ಸಹಿಯಲ್ಲಿ ಸೀಸದ ಹೊಳಪು ಇರಬೇಕು. ಸಹಿಯೂ ಚಿತ್ರದ ಜೊತೆಗೇ ಅಚ್ಚಾಗಿದ್ದರೆ ದೂರ ಇರಿ.

4,000 ರೂಪಾಯಿಯ ಕ್ಯಾನ್ವಾಸ್ ಪ್ರಿಂಟ್ ಬೇರೆ ಜಾತಿ. ಯಾವುದೋ ಚಿತ್ರದ ಫೋಟೋವನ್ನು ದೊಡ್ಡ ಇಂಕ್‌ಜೆಟ್ ಯಂತ್ರದಲ್ಲಿ ಕ್ಯಾನ್ವಾಸ್ ಮೇಲೆ ಹಾಕಿರುತ್ತಾರೆ. ಮೇಲೆ ಪಾರದರ್ಶಕ ಜೆಲ್ಲನ್ನು ಬ್ರಷ್ಷಿನಿಂದ ಹಚ್ಚಿದರೆ "ಕೈ ಟಚ್" ಆಯಿತು. ಅಕ್ಕಸಾಲಿಗರು ಬಳಸುವಂಥ ಹತ್ತು ಪಟ್ಟು ದೊಡ್ಡದು ಮಾಡುವ ಲೆನ್ಸ್ ಒಂದನ್ನು ಕೊಂಡು ಪರ್ಸಿನಲ್ಲಿ ಇಟ್ಟುಕೊಳ್ಳಿ, ಹೆಚ್ಚು ಬೆಲೆ ಏನಿಲ್ಲ. ಅದರಲ್ಲಿ ಆಕಾಶದ ತಿಳಿ ಭಾಗ ನೋಡಿದರೆ ನೀಲಿ, ಗುಲಾಬಿ, ಹಳದಿ ಚುಕ್ಕಿಗಳು ಸಿಂಪಡಿಸಿದ ಹಾಗೆ ಕಾಣುತ್ತವೆ. ಇನ್ನೊಂದು ಗುಟ್ಟು: ಜೆಲ್ಲಿನ ಗೀರುಗಳು ಚಿತ್ರದಲ್ಲಿ ಕಾಣುವ ಬ್ರಷ್ ಗೀರುಗಳ ಜೊತೆ ಹೊಂದುವುದಿಲ್ಲ. ಚಿತ್ರದಲ್ಲಿ ಮರ ಮೇಲಕ್ಕೆ ಹೋಗುತ್ತಿದ್ದರೆ ಜೆಲ್ ಅಡ್ಡಡ್ಡ ಹೋಗಿರುತ್ತದೆ. ಇಂಥದ್ದನ್ನು ಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ. ದೃಶ್ಯ ಇಷ್ಟವಾಗಿದ್ದರೆ ಹಾಲ್‌ಗೆ ಹಾಕಿಕೊಳ್ಳಿ. ಆದರೆ ಅದು ಅಲಂಕಾರ ಅಂತ ತಿಳಿದೇ ಹಣ ಕೊಡಿ. ನಾಳೆ ಬೆಲೆ ಏರುತ್ತದೆ ಅಂದವರ ಮಾತು ಕೇಳಬೇಡಿ. ಕಳಪೆ ಇಂಕ್ ಆಗಿದ್ದರೆ ಬಿಸಿಲಿಗೆ ಬೇಗ ಬಿಳಿಚಿಕೊಳ್ಳುತ್ತದೆ.

ರವಿವರ್ಮನ ವಿಷಯವೂ ಇಲ್ಲಿಗೇ ಬರುತ್ತದೆ. ಅವರು 1894ರಲ್ಲಿ ಮುಂಬೈಯಲ್ಲಿ ಮುದ್ರಣಾಲಯ ಶುರು ಮಾಡಿದರು. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಕಲ್ಲಿನ ಮೇಲೆ ಆ ಬಣ್ಣದ ಭಾಗವನ್ನು ಕೈಯಿಂದ ಚುಕ್ಕಿ ಚುಕ್ಕಿ ಇಟ್ಟು ಬರೆದು, ಒಂದರ ಮೇಲೊಂದು ಅಚ್ಚು ಹಾಕುತ್ತಿದ್ದರು. ಕೆಲವಕ್ಕೆ ಕ್ಯಾನ್ವಾಸಿನ ನೇಯ್ಗೆಯಂಥ ಉಬ್ಬು ಕೊಟ್ಟು ವಾರ್ನಿಷ್ ಬಳಿಯುತ್ತಿದ್ದರು, ಎಣ್ಣೆಚಿತ್ರದ ಹಾಗೆ ಕಾಣಲಿ ಅಂತ. ಇವಕ್ಕೆ ಓಲಿಯೊಗ್ರಾಫ್ ಅನ್ನುತ್ತಾರೆ. "ನಮ್ಮ ತಾತನ ಕಾಲದ ಒರಿಜಿನಲ್ ರವಿವರ್ಮ" ಅಂತ ನನ್ನ ಹತ್ತಿರ ತರುವವರ ಕೈಯಲ್ಲಿರುವುದು ಬಹುತೇಕ ಇದೇ. ಲೆನ್ಸ್ ಕೊಟ್ಟು ಸರಸ್ವತಿಯ ಕೆನ್ನೆ ತೋರಿಸುತ್ತೇನೆ. ಈಗಿನ ಆಫ್‌ಸೆಟ್ ಮುದ್ರಣದ ಹಾಗೆ ಅಚ್ಚುಕಟ್ಟು ಸಾಲಿನ ಚುಕ್ಕಿಗಳಲ್ಲ, ಚಿಕ್ಕದು ದೊಡ್ಡದು ಅಡ್ಡಾದಿಡ್ಡಿ. ಸೆರಗಿನ ಅಂಚಿನಲ್ಲಿ ಕೆಂಪು ಒಂದು ಎಳೆಯಷ್ಟು ಆಚೆ ಸರಿದಿರುತ್ತದೆ, ಕಲ್ಲು ಸರಿಯಾಗಿ ಕೂತಿಲ್ಲ. ಬಂದವರ ಮುಖ ಬಾಡುತ್ತದೆ. ಆದರೆ ಆ ಅಚ್ಚು ಕೂಡ ಕಸವಲ್ಲ. ನೂರು ವರ್ಷ ಹಳೆಯ ಒಳ್ಳೆಯ ಪ್ರತಿಯನ್ನು ಹುಡುಕಿ ಕೊಳ್ಳುವವರು ಇದ್ದಾರೆ. ಕೋಟಿ ಬೆಲೆ ಇಲ್ಲ, ಅಷ್ಟೇ.

ಇನ್ನು ನಿಮ್ಮ ಗಣಪತಿ. ಮೈಸೂರು ಶೈಲಿಯಲ್ಲಿ ಕಾಗದವನ್ನು ಹಲಗೆಗೆ ಅಂಟಿಸಿ ಚಿತ್ರ ಬರೆಯುತ್ತಾರೆ. ಕಿರೀಟ, ಒಡವೆ, ಪ್ರಭಾವಳಿ ಇರುವಲ್ಲಿ ಬಿಳಿ ಪುಡಿಯನ್ನು ಅಂಟಿನಲ್ಲಿ ಕಲಸಿದ ಲೇಪವನ್ನು ಸಣ್ಣ ಬ್ರಷ್ಷಿನಿಂದ ಎಳೆ ಎಳೆಯಾಗಿ ಉಬ್ಬಿಸುತ್ತಾರೆ. ಕಲಾವಿದರು ಇದನ್ನು ಗೆಸ್ಸೊ ಕೆಲಸ ಅನ್ನುತ್ತಾರೆ. ಅದರ ಮೇಲೆ ಚಿನ್ನದ ರೇಕು, ಅಂದರೆ ತೀರಾ ತೆಳುವಾದ ಚಿನ್ನದ ಹಾಳೆ. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ಗಾಜಿನ ಕಲ್ಲುಗಳೂ ಇರುತ್ತವೆ. ಮೈಸೂರಿನದ್ದು ತೆಳು ಮತ್ತು ನಾಜೂಕು. ನೀವು ನೋಡಬೇಕಾದದ್ದು ಚಿನ್ನವನ್ನಲ್ಲ, ಗೆರೆಯನ್ನು. ಗಣಪತಿಯ ಸೊಂಡಿಲಿನ ಹೊರಗೆರೆ, ಬೆರಳುಗಳು, ಕಣ್ಣಿನ ರೆಪ್ಪೆ. ಗೆರೆ ಒಂದೇ ಉಸಿರಿನಲ್ಲಿ ಹೋಗಿದೆಯಾ, ಅಥವಾ ನಡುಗಿ ನಡುಗಿ ತುಂಡಾಗಿದೆಯಾ? ಪ್ರಭಾವಳಿಯ ಬಲಭಾಗ ಎಡಭಾಗದಷ್ಟೇ ಎಚ್ಚರದಿಂದ ಆಗಿದೆಯಾ? ಗೆರೆ ಸೊರಗಿದ್ದರೆ ಎಷ್ಟು ಚಿನ್ನ ಹಚ್ಚಿದರೂ ಪ್ರಯೋಜನ ಇಲ್ಲ.

ಅಪಾಯ ಇರುವುದು ರೇಕಿನಲ್ಲಿ. ಹಿತ್ತಾಳೆಯ ಹಾಳೆಯೂ ಹೊಸದರಲ್ಲಿ ಚಿನ್ನದ ಹಾಗೇ ಹೊಳೆಯುತ್ತದೆ. ಅದರಲ್ಲಿರುವ ತಾಮ್ರದಿಂದಾಗಿ ಕೆಲವು ವರ್ಷಗಳಲ್ಲಿ ಕಪ್ಪಾಗಿ, ಒಮ್ಮೊಮ್ಮೆ ಹಸಿರಾಗಿ ತಿರುಗುತ್ತದೆ. ಅಸಲಿ ಚಿನ್ನ ತಿರುಗುವುದಿಲ್ಲ. ಸಂತೆಯಲ್ಲಿ ನಿಂತು ಕಣ್ಣಳತೆಯಲ್ಲಿ ಇದನ್ನು ಹೇಳಲು ನನಗೂ ಆಗುವುದಿಲ್ಲ. ಉಗುರಿನಿಂದ ಕೆರೆದು ನೋಡುವ ಕೆಲಸ ಮಾತ್ರ ಮಾಡಬೇಡಿ. ಬಿಲ್ಲಿನಲ್ಲಿ ಎಷ್ಟು ಕ್ಯಾರೆಟ್ ಚಿನ್ನದ ರೇಕು ಅಂತ ಬರೆದು ಕೊಡಿ ಅಂತ ಕೇಳಿ. ಕಲಾವಿದರೇ ಎದುರಿಗೆ ಇದ್ದರೆ ಗೆಸ್ಸೊ ಹೇಗೆ ಕಲಸುತ್ತೀರಿ ಅಂತ ಕೇಳಿ. ತಾವೇ ಮಾಡಿದವರು ಹತ್ತು ನಿಮಿಷ ಮಾತಾಡುತ್ತಾರೆ. ಬೇರೆಯವರ ಕೆಲಸ ತಂದು ಮಾರುವವರು "ಅದೆಲ್ಲ ಟ್ರೆಡಿಷನಲ್ ಮೇಡಂ" ಅಂತ ಹಾರಿಸುತ್ತಾರೆ. 18,000 ಸರಿಯಾದ ಬೆಲೆಯಾ ಅಂತ ಅಳತೆ, ರೇಕು, ಗೆರೆ ಮೂರನ್ನೂ ನೋಡದೆ ಯಾರೂ ಹೇಳಲಾರರು.

ನನ್ನನ್ನು ಕೇಳಿದರೆ ಮೊದಲ ಚಿತ್ರವಾಗಿ ಆ ಎಚಿಂಗ್ ಕೊಳ್ಳಿ ಅನ್ನುತ್ತೇನೆ. ಕೈಗೆಟುಕುವ ಬೆಲೆ, ಪೂರ್ತಿ ಕಲಾವಿದರ ಕೆಲಸ. ಜೊತೆಗೆ ಬಣ್ಣ ಇಲ್ಲದ್ದರಿಂದ ಗೆರೆ, ಟೋನ್, ಖಾಲಿ ಜಾಗ ನೋಡುವ ಅಭ್ಯಾಸ ದಿನಾ ಆಗುತ್ತದೆ. ಪೂಜೆಗೋ ಮನೆಯ ಶುಭಕ್ಕೋ ಗಣಪತಿಯೇ ಬೇಕು ಅಂದರೆ ಅದು ಬೇರೆ ಲೆಕ್ಕ. ಆಗ ಅವಸರ ಮಾಡದೆ ಮೈಸೂರಿಗೆ ಹೋಗಿ ಕಲಾವಿದರ ಮನೆಯಲ್ಲೇ ಕೆಲಸ ನಡೆಯುವುದನ್ನು ನೋಡಿ ಹೇಳಿ ಮಾಡಿಸಿ.

ಪುಸ್ತಕ ಓದಿದರೆ ಒಳ್ಳೆಯದು, ಆದರೆ ಮೊದಲು ಬೇಡ. ಗ್ಯಾಲರಿಯಲ್ಲಿ ಎಲ್ಲ ಚಿತ್ರ ನೋಡಿ ಮುಗಿಸುವ ಹಟವೂ ಬೇಡ. ಒಂದು ಭೇಟಿಗೆ ನಾಲ್ಕೈದು ಚಿತ್ರ ಸಾಕು. ಫಲಕ ಓದುವ ಮೊದಲು ಮಾಧ್ಯಮ ಯಾವುದಿರಬಹುದು ಅಂತ ನೀವೇ ಊಹಿಸಿ, ಆಮೇಲೆ ಫಲಕ ನೋಡಿ. ತಪ್ಪಾದರೆ ಎಲ್ಲಿ ಏಮಾರಿದೆ ಅಂತ ಮಗಳನ್ನು ಕೇಳಿ. ಅಕ್ರಿಲಿಕ್ಕೋ ಎಣ್ಣೆಬಣ್ಣವೋ ಅಂತ ಗಾಜಿನಾಚೆಯಿಂದ ಹೇಳುವುದು ನಮ್ಮಂಥವರಿಗೂ ಕಷ್ಟ. ಅದರಲ್ಲಿ ಸೋತರೆ ಬೇಜಾರು ಮಾಡಿಕೊಳ್ಳಬೇಡಿ.

ಎಚಿಂಗ್ ತಂದರೆ ಚೌಕಟ್ಟು ಹಾಕಿಸುವಾಗ ಎರಡು ಮಾತು ಅಂಗಡಿಯವರಿಗೆ ಹೇಳಿ. ಹಿಂದೆ ಆಮ್ಲ ಇಲ್ಲದ ಬೋರ್ಡ್ ಇರಬೇಕು. ಮಾಮೂಲಿ ರಟ್ಟು ಹಾಕಿದರೆ ಕಾಗದ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಜು ಚಿತ್ರಕ್ಕೆ ಅಂಟಬಾರದು, ನಡುವೆ ಮೌಂಟಿನ (ಚಿತ್ರದ ಸುತ್ತ ಕೂರಿಸುವ ದಪ್ಪ ಬೋರ್ಡಿನ ಅಂಚು) ದಪ್ಪದಷ್ಟು ಜಾಗ ಬೇಕು. ಇಲ್ಲದಿದ್ದರೆ ಮಳೆಗಾಲದಲ್ಲಿ ಒಳಗೆ ತೇವ ಕೂತು ಬೂಸಲು ಬರುತ್ತದೆ. ಪಶ್ಚಿಮದ ಕಿಟಕಿಗೆ ಎದುರು ಗೋಡೆ ಬೇಡ, ಬಚ್ಚಲುಮನೆಗೆ ಅಂಟಿದ ಗೋಡೆಯೂ ಬೇಡ. ಮತ್ತೆ, ಆಲೂಗಡ್ಡೆ ಅಥವಾ ಈರುಳ್ಳಿ ಹೋಳಿನಿಂದ ಉಜ್ಜಿದರೆ ಹಳೆಯ ಚಿತ್ರ ಫಳಫಳ ಅನ್ನುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಿಷ್ಟವೂ ತೇವವೂ ಬಣ್ಣದ ಬಿರುಕಿನಲ್ಲಿ ಸೇರಿಕೊಂಡು ಬೂಸಲಿಗೆ ಊಟ ಆಗುತ್ತದೆ. ಗಾಜಿನ ಹೊರಗಿನ ಧೂಳನ್ನು ಒಣ ಬಟ್ಟೆಯಿಂದ ಒರೆಸಿ, ಅಷ್ಟು ಸಾಕು. ಗಾಜಿನ ಒಳಗೆ ಏನಾದರೂ ಕಲೆ ಕಂಡರೆ ನೀವೇ ಬಿಚ್ಚದೆ, ಕಾಗದದ ಕೆಲಸ ಗೊತ್ತಿರುವವರಿಗೆ ತೋರಿಸಿ.